ಮೌಸ್ ಪದೇ ಪದೇ ನಿಂತುಹೋಗುತ್ತಿದೆ, ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿದೆ. ಮದರ್‌ಬೋರ್ಡ್ ಹೋಗಿದೆ ಅಂತಾರೆ, ನಿಜವಾ?

ಡಿಟಿಪಿ_ಬಸವನಗುಡಿ
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಪುಸ್ತಕಗಳ ಡಿಟಿಪಿ ಕೆಲಸ ಮಾಡುತ್ತೇನೆ. ಡೆಸ್ಕ್‌ಟಾಪ್ ಏಳು ವರ್ಷ ಹಳೆಯದು, ಎಸ್‌ಪಿ ರೋಡಿನಲ್ಲಿ ಅಸೆಂಬಲ್ ಮಾಡಿಸಿದ್ದು. ಇಂಟೆಲ್ ಐ3, 8 ಜಿಬಿ ರ‍್ಯಾಮ್, ವಿಂಡೋಸ್ 10.

ಒಂದು ತಿಂಗಳಿಂದ ಮೌಸ್ ಕಾಟ ಕೊಡುತ್ತಿದೆ. ಕೆಲಸ ಮಾಡ್ತಾ ಮಾಡ್ತಾ ಬಾಣದ ಗುರುತು ಇದ್ದಲ್ಲೇ ನಿಂತುಬಿಡುತ್ತದೆ. ಮೂರು ನಾಲ್ಕು ಸೆಕೆಂಡ್ ಆದ ಮೇಲೆ 'ಟುಡುಂಗ್' ಅಂತ ಸದ್ದು ಬಂದು ಮತ್ತೆ ಓಡಾಡುತ್ತದೆ. ಮೌಸ್ ಕೆಟ್ಟಿದೆ ಅಂದುಕೊಂಡು ಹೊಸದು ತಂದೆ. ಅದೂ ಹಾಗೇ. ಹೋದ ವಾರ ಎರಡು ಸಲ ಕಂಪ್ಯೂಟರ್ ಪಟ್ಟಂತ ಆರಿ, ತಾನೇ ಮತ್ತೆ ಆನ್ ಆಯಿತು. ಮನೆಯಲ್ಲಿ ಕರೆಂಟ್ ಹೋಗಿರಲಿಲ್ಲ.

ರಿಪೇರಿಯವರೊಬ್ಬರು ಬಂದು ಹತ್ತು ನಿಮಿಷ ನೋಡಿ 600 ರೂಪಾಯಿ ತಗೊಂಡರು. ಮದರ್‌ಬೋರ್ಡ್ ಹೋಗಿದೆ, ಇಷ್ಟು ಹಳೆಯದಕ್ಕೆ ಬೋರ್ಡ್ ಸಿಗಲ್ಲ, ಪೂರ್ತಿ ಹೊಸ ಸೆಟ್ ತಗೊಳ್ಳಿ ಅಂದರು. ಎರಡು ವಾರದಲ್ಲಿ 240 ಪುಟದ ಪುಸ್ತಕ ಪ್ರೆಸ್ಸಿಗೆ ಹೋಗಬೇಕು. ಈಗ ಹೊಸ ಕಂಪ್ಯೂಟರಿಗೆ ದುಡ್ಡೂ ಇಲ್ಲ, ಎಲ್ಲಾ ಫಾಂಟ್ ಮತ್ತೆ ಹಾಕಿಕೊಂಡು ಕೂರೋಕೆ ಟೈಮೂ ಇಲ್ಲ. ನಿಜವಾಗಿ ಬೋರ್ಡೇ ಹೋಗಿದೆಯಾ ಅಂತ ತಿಳಿಯೋದು ಹೇಗೆ?

ಹನುಮಂತನಗರ_ಹುಡುಗ
ಸೋಮವಾರ, ರಾತ್ರಿ 9:52

ಸರ್, ಮೊದಲು ಇದನ್ನು ಮಾಡಿ. ಕಂಟ್ರೋಲ್ ಪ್ಯಾನೆಲ್, ಅಲ್ಲಿ ಪವರ್ ಆಪ್ಷನ್ಸ್, ಚೇಂಜ್ ಪ್ಲಾನ್ ಸೆಟ್ಟಿಂಗ್ಸ್, ಕೆಳಗೆ ಅಡ್ವಾನ್ಸ್ಡ್ ಸೆಟ್ಟಿಂಗ್ಸ್. ಅದರೊಳಗೆ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅಂತ ಇರುತ್ತದೆ, ಸುಮ್ಮನಿರುವ ಯುಎಸ್‌ಬಿ ಸಾಧನವನ್ನು ಮಲಗಿಸೋದು ಅದೇ. ಡಿಸೇಬಲ್ ಮಾಡಿ. ಆಮೇಲೆ ಡಿವೈಸ್ ಮ್ಯಾನೇಜರಿಗೆ ಹೋಗಿ ಯುಎಸ್‌ಬಿ ರೂಟ್ ಹಬ್ ಮೇಲೆ ಡಬಲ್ ಕ್ಲಿಕ್ ಮಾಡಿ, ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿನಲ್ಲಿ 'ಪವರ್ ಉಳಿಸಲು ಈ ಡಿವೈಸ್ ಆಫ್ ಮಾಡಬಹುದು' ಅನ್ನುವ ಟಿಕ್ ತೆಗೆಯಿರಿ. ಎಷ್ಟು ರೂಟ್ ಹಬ್ ಇದೆಯೋ ಅಷ್ಟಕ್ಕೂ ಮಾಡಬೇಕು. ನನಗೆ ಇದರಿಂದಲೇ ಸರಿಹೋಯಿತು.

ಡಿಟಿಪಿ_ಬಸವನಗುಡಿ
ಸೋಮವಾರ, ರಾತ್ರಿ 9:58

ಸರ್ ಅಲ್ಲ, ಮೇಡಂ. ಈಗಲೇ ಮಾಡಿ ನೋಡುತ್ತೇನೆ, ಥ್ಯಾಂಕ್ಸ್.

ಹನುಮಂತನಗರ_ಹುಡುಗ
ಸೋಮವಾರ, ರಾತ್ರಿ 9:59

ಸಾರಿ ಅಕ್ಕ 🙏

ಮಲ್ಲೇಶ್ವರ_18ನೇ_ಕ್ರಾಸ್
ಸೋಮವಾರ, ರಾತ್ರಿ 10:05

ಹತ್ತು ನಿಮಿಷದಲ್ಲಿ ಮದರ್‌ಬೋರ್ಡ್ ಹೋಗಿದೆ ಅಂತ ಹೇಳೋಕೆ ಆಗಲ್ಲ. ಮೌಸ್ ಹಾಕಿರೋದು ಮುಂದಿನ ಪೋರ್ಟಿಗಾ, ಹಿಂದಿನದಕ್ಕಾ?

ಕೋಡರ್_ಕೋರಮಂಗಲ
ಸೋಮವಾರ, ರಾತ್ರಿ 10:20

ಯುಎಸ್‌ಬಿ ಡ್ರಾಪ್ ಆಗೋದು ಗೊತ್ತಿರುವ ತೊಂದರೆ. 2021ರಲ್ಲಿ ಎಎಂಡಿ 500 ಸರಣಿಯ ಚಿಪ್‌ಸೆಟ್ ಬೋರ್ಡುಗಳಲ್ಲಿ ಹೀಗೇ ಆಗುತ್ತಿತ್ತು. ಕಂಪನಿಯೇ ಒಪ್ಪಿಕೊಂಡು ಬಯೋಸ್ (ಬೋರ್ಡಿನೊಳಗೇ ಇರುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಕೊಟ್ಟಿತು. ಬಯೋಸ್ ಅಪ್‌ಡೇಟ್ ಮಾಡಿ.

ಮಲ್ಲೇಶ್ವರ_18ನೇ_ಕ್ರಾಸ್
ಸೋಮವಾರ, ರಾತ್ರಿ 10:24

ಅವರದ್ದು ಇಂಟೆಲ್, ಅದೂ ಅದಕ್ಕಿಂತ ಹಳೆಯ ಬೋರ್ಡು. ತಾನಾಗಿ ಆರುತ್ತಿರುವ ಕಂಪ್ಯೂಟರಿನಲ್ಲಿ ಬಯೋಸ್ ಅಪ್‌ಡೇಟ್ ಮಾಡಿ ಅಂತ ಯಾರಿಗೂ ಹೇಳಬೇಡಿ. ಅರ್ಧಕ್ಕೆ ಆರಿದರೆ ಆಗ ನಿಜವಾಗಿ ಬೋರ್ಡ್ ಹೋಗುತ್ತದೆ.

ಕೋಡರ್_ಕೋರಮಂಗಲ
ಸೋಮವಾರ, ರಾತ್ರಿ 10:26

ಹೌದು, ಅದು ಸರಿ. ಬಯೋಸ್ ಮುಟ್ಟಬೇಡಿ.

ಟೆಸ್ಟಿಂಗ್_ಬೆಂಚ್_60
ಸೋಮವಾರ, ರಾತ್ರಿ 11:10

ನಾನು ಮೂವತ್ತು ವರ್ಷ ಒಂದು ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿದ್ದೆ, ಈಗ ನಿವೃತ್ತ. ಒಂದು ಮಾತು ಕೇಳಿಸಿಕೊಳ್ಳಿ ಅಮ್ಮಾ. ಮೌಸ್ ನಿಂತಾಗ ಅದರ ಹೊಟ್ಟೆಯ ಕೆಂಪು ಲೈಟ್ ಆರುತ್ತದೆಯೋ, ಉರಿಯುತ್ತಲೇ ಇರುತ್ತದೆಯೋ ನೋಡಿ. ಅದೇ ಹೊತ್ತಿನಲ್ಲಿ ಕೀಬೋರ್ಡಿನ ನಮ್ ಲಾಕ್ ಒತ್ತಿ. ಅದರ ಲೈಟ್ ಬದಲಾಗುತ್ತದೆಯೋ ನೋಡಿ.

ಮೌಸ್ ಲೈಟ್ ಉರಿಯುತ್ತಿದ್ದು ನಮ್ ಲಾಕ್ ಕೂಡ ಬದಲಾಗದಿದ್ದರೆ, ಕಂಪ್ಯೂಟರೇ ಕ್ಷಣಕಾಲ ಉಸಿರು ಹಿಡಿದಿದೆ ಅಂತ. ಹಾರ್ಡ್ ಡಿಸ್ಕ್ ಅಥವಾ ಡ್ರೈವರ್ ಕಡೆ ಹುಡುಕಬೇಕು. ಮೌಸ್ ಲೈಟ್ ಆರಿ, ನಮ್ ಲಾಕ್ ಮಾತ್ರ ಬದಲಾಗುತ್ತಿದ್ದರೆ ಆ ಒಂದು ಪೋರ್ಟಿನ ತೊಂದರೆ. ಎರಡೂ ಒಟ್ಟಿಗೆ ಆರಿದರೆ ಅಷ್ಟೂ ಪೋರ್ಟಿಗೆ ಹೋಗುವ 5 ವೋಲ್ಟ್ ಅಲುಗಾಡುತ್ತಿದೆ.

ಇನ್ನೊಂದು. ಒಂದು ಹಾಳೆ ಪಕ್ಕದಲ್ಲಿ ಇಟ್ಟುಕೊಳ್ಳಿ. ಪ್ರತಿ ಸಲ ನಿಂತಾಗ ಗಂಟೆ ಬರೆಯಿರಿ, ಆಗ ಮನೆಯಲ್ಲಿ ಏನೇನು ಓಡುತ್ತಿತ್ತು ಅಂತಲೂ ಬರೆಯಿರಿ. ಎರಡು ದಿನ ಸಾಕು. ಅಷ್ಟರಲ್ಲಿ ಏನನ್ನೂ ಕೊಳ್ಳಬೇಡಿ.

ಲಿನಕ್ಸ್_ಲಗ್ಗೆರೆ
ಮಂಗಳವಾರ, ಬೆಳಿಗ್ಗೆ 7:15

ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಒಂದು ಗಂಟೆ ಬಳಸಿ ನೋಡಿ. ಅಲ್ಲೂ ನಿಂತರೆ ವಿಂಡೋಸ್ ತಪ್ಪಲ್ಲ ಅಂತ ಖಾತ್ರಿ. ಟರ್ಮಿನಲ್ಲಿನಲ್ಲಿ ಡಿಮೆಸೇಜ್ (dmesg) ಕಮಾಂಡ್ ಕೊಟ್ಟರೆ ಬೂಟ್ ಆದ ಎಷ್ಟು ಸೆಕೆಂಡಿಗೆ ಮೌಸ್ ಕಳಚಿಕೊಂಡಿತು, ಯಾವ ಪೋರ್ಟು ಅಂತ ಒಂದೊಂದು ಸಾಲಿನಲ್ಲಿ ತೋರಿಸುತ್ತದೆ. ಊಹೆ ಮಾಡೋದೇ ಬೇಡ.

ಹನುಮಂತನಗರ_ಹುಡುಗ
ಮಂಗಳವಾರ, ಬೆಳಿಗ್ಗೆ 8:02

ವಿಂಡೋಸಿನಲ್ಲೂ ಇದೆ ಅಣ್ಣ. ಇವೆಂಟ್ ವ್ಯೂವರ್ ತೆಗೆದು ಸಿಸ್ಟಮ್ ಲಾಗ್ ನೋಡಿ ಅಕ್ಕ. ತಾನಾಗಿ ಆರಿದ ಹೊತ್ತಿಗೆ ಕರ್ನೆಲ್ ಪವರ್ 41 ಅಂತ ಕೆಂಪು ಗುರುತು ಇದೆಯಾ? ಸರಿಯಾಗಿ ಶಟ್‌ಡೌನ್ ಆಗದೆ ಆರಿದೆ ಅಂತ ಅದರ ಅರ್ಥ.

ವೈರ್‌ಮನ್_ವಿಜಯನಗರ
ಮಂಗಳವಾರ, ಬೆಳಿಗ್ಗೆ 8:30

ಮೇಡಂ, ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿದರೆ ಜುಮ್ ಅನ್ನುತ್ತಾ? ಅನ್ನೋದಾದರೆ ಅರ್ತಿಂಗ್ ಇಲ್ಲ. ಬಸವನಗುಡಿ, ಚಾಮರಾಜಪೇಟೆ ಕಡೆ ಹಳೇ ಮನೆಗಳಲ್ಲಿ ಇದನ್ನು ತುಂಬಾ ನೋಡಿದ್ದೇನೆ. ಮೂರು ತೂತಿನ ಸಾಕೆಟ್ ಇರುತ್ತದೆ, ಹಿಂದೆ ಅರ್ತ್ ವೈರೇ ಇರಲ್ಲ.

ಕೋಡರ್_ಕೋರಮಂಗಲ
ಮಂಗಳವಾರ, ಬೆಳಿಗ್ಗೆ 9:45

ಮೌಸ್ ಓಡೋದು 5 ವೋಲ್ಟಿನಲ್ಲಿ. ಗೋಡೆಯ ಅರ್ತಿಗೂ ಅದಕ್ಕೂ ಏನು ಸಂಬಂಧ?

ವೈರ್‌ಮನ್_ವಿಜಯನಗರ
ಮಂಗಳವಾರ, ಬೆಳಿಗ್ಗೆ 9:50

ಸಂಬಂಧ ಇದೆ ಸರ್. ಅರ್ತ್ ಹಾಕಿದ ಮೇಲೆ ಮೌಸ್, ಸ್ಪೀಕರ್ ಗೊರಗೊರ ಎಲ್ಲಾ ನಿಂತಿದ್ದು ನಾನೇ ನೋಡಿದ್ದೇನೆ. ಯಾಕೆ ಅಂತ ಪುಸ್ತಕದ ಭಾಷೆಯಲ್ಲಿ ಹೇಳೋಕೆ ಬರಲ್ಲ.

ಟೆಸ್ಟಿಂಗ್_ಬೆಂಚ್_60
ಮಂಗಳವಾರ, ಬೆಳಿಗ್ಗೆ 10:30

ನಾನು ಹೇಳುತ್ತೇನೆ. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿ ಕೊಡುವ ಡಬ್ಬ. ಅದರೊಳಗೆ ಕರೆಂಟ್ ಬರುವ ಬಾಗಿಲಲ್ಲೇ ಗಲಾಟೆ ಸೋಸುವ ಫಿಲ್ಟರ್ ಇರುತ್ತದೆ. ಫೇಸಿನಿಂದ ಕ್ಯಾಬಿನೆಟ್ಟಿಗೆ ಒಂದು ಚಿಕ್ಕ ಕೆಪಾಸಿಟರ್, ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿಗೆ ಇನ್ನೊಂದು. ಅರ್ತ್ ಇದ್ದರೆ ಆ ಸಣ್ಣ ಸೋರಿಕೆ ನೆಲಕ್ಕೆ ಹೋಗುತ್ತದೆ. ಅರ್ತ್ ಇಲ್ಲದಿದ್ದರೆ ಎರಡು ಕೆಪಾಸಿಟರ್ ನಡುವೆ ಸಿಕ್ಕಿಕೊಂಡ ಕ್ಯಾಬಿನೆಟ್ 230 ವೋಲ್ಟಿನ ಅರ್ಧಕ್ಕೆ, ಅಂದರೆ ಸುಮಾರು 115 ವೋಲ್ಟಿಗೆ ಏರಿ ಕೂರುತ್ತದೆ. ಅದರಲ್ಲಿ ಹರಿಯುವ ಕರೆಂಟ್ ತುಂಬಾ ಕಡಿಮೆ, ಅದಕ್ಕೇ ಬರೀ ಜುಮ್ ಅನ್ನುವುದು. ಆದರೆ ಮೌಸ್ ವೈರಿನ ಗ್ರೌಂಡೂ ಅದೇ ಕ್ಯಾಬಿನೆಟ್ಟಿಗೆ ಸೇರಿದೆ. ಪ್ರಿಂಟರ್, ಸ್ಪೀಕರ್ ಇಂಥದ್ದು ಇನ್ನೊಂದು ಯುಎಸ್‌ಬಿ ವೈರಿನಲ್ಲಿ ಸೇರಿಕೊಂಡಿದ್ದರೆ ಆ ಸೋರಿಕೆಗೆ ದಾರಿ ಯುಎಸ್‌ಬಿ ವೈರಿನ ಮೂಲಕವೇ. ಅಲ್ಲಿ ಸಿಗ್ನಲ್ ಕೆಡುವುದು ಆಶ್ಚರ್ಯವಲ್ಲ.

ಯಲಹಂಕ_ಟೀಚರ್
ಮಂಗಳವಾರ, ಮಧ್ಯಾಹ್ನ 1:10

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಶಾಲೆಯ ಲ್ಯಾಬಿನಲ್ಲಿ ವೈರ್ ಇಲ್ಲದ ಮೌಸುಗಳು. ಒಂದೇ ಒಂದು ಕಂಪ್ಯೂಟರಿನಲ್ಲಿ ಬಾಣ ತಡವರಿಸಿ ತಡವರಿಸಿ ಹೋಗುತ್ತದೆ. ಬ್ಯಾಟರಿ ಹೊಸದು ಹಾಕಿದೆ. ಮಕ್ಕಳು ಆ ಸೀಟಿಗೆ ಕೂರೋಕೇ ಒಪ್ಪಲ್ಲ. ಇದೂ ಅರ್ತಿಂಗ್ ತೊಂದರೆಯಾ?

ಮಲ್ಲೇಶ್ವರ_18ನೇ_ಕ್ರಾಸ್
ಮಂಗಳವಾರ, ಮಧ್ಯಾಹ್ನ 1:25

ಅಲ್ಲ ಮೇಡಂ, ಇದು ಬೇರೆ. ಡಾಂಗಲ್ (ಮೌಸಿನ ಸಿಗ್ನಲ್ ಹಿಡಿಯಲು ಕಂಪ್ಯೂಟರಿಗೆ ಸಿಕ್ಕಿಸುವ ಚಿಕ್ಕ ತುಂಡು) ಪಕ್ಕದಲ್ಲೇ ನೀಲಿ ಬಣ್ಣದ ಪೋರ್ಟಿನಲ್ಲಿ ಪೆನ್‌ಡ್ರೈವೋ ಹಾರ್ಡ್ ಡಿಸ್ಕೋ ಹಾಕಿಟ್ಟಿದ್ದೀರಾ? ಯುಎಸ್‌ಬಿ 3.0 ಡೇಟಾ ಓಡುವಾಗ ಅದರಿಂದ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಹೊರಗೆ ಬರುತ್ತದೆ. ನಿಮ್ಮ ಡಾಂಗಲ್ ಮಾತಾಡೋದೂ ಅದೇ 2.4ರಲ್ಲಿ. ಇಂಟೆಲ್ ಕಂಪನಿ 2012ರಲ್ಲೇ ಇದರ ಬಗ್ಗೆ ವಿವರವಾಗಿ ಬರೆದಿದೆ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಗೊಂಡು ಡಾಂಗಲ್ಲನ್ನು ಮೌಸ್ ಪಕ್ಕಕ್ಕೆ ತಂದಿಡಿ.

ಯಲಹಂಕ_ಟೀಚರ್
ಮಂಗಳವಾರ, ಮಧ್ಯಾಹ್ನ 1:31

ಅಯ್ಯೋ ಹೌದು! ಆ ಕಂಪ್ಯೂಟರಿಗೆ ಮಾತ್ರ ಪಾಠಗಳ ಹಾರ್ಡ್ ಡಿಸ್ಕ್ ಸದಾ ಹಾಕಿರುತ್ತೇವೆ. ನಾಳೆಯೇ ಮಾಡುತ್ತೇನೆ.

ಡಿಟಿಪಿ_ಬಸವನಗುಡಿ
ಬುಧವಾರ, ರಾತ್ರಿ 10:15

ಎಲ್ಲರಿಗೂ ಒಟ್ಟಿಗೆ ಉತ್ತರ ಕೊಡುತ್ತೇನೆ.

ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿದೆ. ಸುಮ್ಮನೆ ಬಿಟ್ಟು ಬಂದಾಗ ಮೌಸ್ ಮಲಗುತ್ತಿದ್ದುದು ನಿಂತಿದೆ. ಕೆಲಸದ ನಡುವೆ ನಿಲ್ಲುವುದು ನಿಂತಿಲ್ಲ. ಮೌಸ್ ಮುಂದಿನ ಪೋರ್ಟಿನಲ್ಲಿತ್ತು, ಹಿಂದಕ್ಕೆ ಹಾಕಿದೆ, ಅಲ್ಲೂ ನಿಂತಿತು. ನಿಂತಾಗ ಮೌಸ್ ಲೈಟ್, ಕೀಬೋರ್ಡ್ ಲೈಟ್ ಎರಡೂ ಒಟ್ಟಿಗೆ ಆರುತ್ತವೆ. ಇವೆಂಟ್ ವ್ಯೂವರಿನಲ್ಲಿ 41 ಎರಡು ಸಲ ಇದೆ, ತಾನಾಗಿ ಆರಿದ ದಿನವೇ.

ಜುಮ್ ಅನ್ನುವುದೂ ನಿಜ. ನಮ್ಮದು ರೆಡ್ ಆಕ್ಸೈಡ್ ನೆಲ, ಮಳೆಗಾಲದಲ್ಲಿ ಜಾಸ್ತಿ ಗೊತ್ತಾಗುತ್ತದೆ. ಇಷ್ಟು ದಿನ ಚಪ್ಪಲಿ ಹಾಕಿಕೊಂಡು ಕೂರುತ್ತಿದ್ದೆ. ಇದು ತೊಂದರೆ ಅಂತ ಅನಿಸಿಯೇ ಇರಲಿಲ್ಲ.

ಹಾಳೆ ಬರೆದಿದ್ದು ಒಳ್ಳೆಯದಾಯಿತು ಸರ್. ಕೆಳಗಿನ ಮನೆಯವರು ಸಂಪಿನ ಮೋಟರ್ ಹಾಕಿದಾಗ ಹೀಗಾಗುತ್ತದೆ ಅಂತ ನನಗೆ ಅನುಮಾನವಿತ್ತು. ನಮ್ಮ ಬೀದಿಗೆ ದಿನ ಬಿಟ್ಟು ದಿನ ನೀರು. ನಿನ್ನೆ ನೀರು ಬರಲಿಲ್ಲ, ಮೋಟರೂ ಹಾಕಲಿಲ್ಲ. ಆದರೂ ಐದು ಸಲ ನಿಂತಿತು. ಎರಡು ದಿನದಲ್ಲಿ ಒಟ್ಟು ಒಂಬತ್ತು ಸಲ. ಅದರಲ್ಲಿ ಏಳು ಸಲ ನಾನು ಕರಡು ಪ್ರಿಂಟ್ ತೆಗೆಯುತ್ತಿದ್ದೆ! ಲೇಸರ್ ಪ್ರಿಂಟರ್ ಗುರ್ ಅಂತ ಎದ್ದ ತಕ್ಷಣ ಟ್ಯೂಬ್‌ಲೈಟ್ ಕೂಡ ಒಂದು ಕ್ಷಣ ಮಂಕಾಗುತ್ತದೆ. ಸಂಜೆಯೇ ಜಾಸ್ತಿ ಆಗುತ್ತಿದ್ದುದು ಯಾಕೆ ಅಂತ ಈಗ ಹೊಳೆಯಿತು, ನಾನು ಪ್ರಿಂಟ್ ತೆಗೆಯುವುದೇ ಸಂಜೆ.

ಟೆಸ್ಟಿಂಗ್_ಬೆಂಚ್_60
ಬುಧವಾರ, ರಾತ್ರಿ 10:28

ಪ್ರಿಂಟರ್, ಕಂಪ್ಯೂಟರ್ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿವೆಯೇ?

ಡಿಟಿಪಿ_ಬಸವನಗುಡಿ
ಬುಧವಾರ, ರಾತ್ರಿ 10:30

ಹೌದು ಸರ್. ಮಾನಿಟರ್, ಮೋಡೆಮ್, ಫೋನ್ ಚಾರ್ಜರ್ ಎಲ್ಲಾ ಅದರಲ್ಲೇ. ಗೋಡೆಯಲ್ಲಿ ಇರುವುದು ಒಂದೇ ಚಿಕ್ಕ ಸಾಕೆಟ್.

ಟೆಸ್ಟಿಂಗ್_ಬೆಂಚ್_60
ಬುಧವಾರ, ರಾತ್ರಿ 10:50

ಲೇಸರ್ ಪ್ರಿಂಟರಿನಲ್ಲಿ ಟೋನರ್ ಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ಬಿಸಿ ರೋಲರ್ ಇದೆ. ಎದ್ದ ಕೂಡಲೇ ಅದು ಇಸ್ತ್ರಿ ಪೆಟ್ಟಿಗೆಯ ಹಾಗೆ ನೂರಾರು ವ್ಯಾಟ್ ಒಟ್ಟಿಗೆ ಎಳೆಯುತ್ತದೆ. 6 ಆಂಪಿಯರ್ ಸಾಕೆಟ್ಟಿಗೆ ಒಟ್ಟು ಮಿತಿಯೇ 1380 ವ್ಯಾಟ್. ಬೋರ್ಡಿನ ವೈರ್ ತೆಳುವಾಗಿದ್ದು ಪಿನ್ ಸಡಿಲವಾಗಿದ್ದರೆ ವೋಲ್ಟೇಜ್ ಅಲ್ಲೇ ಕುಸಿಯುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಇಂಥ ಕ್ಷಣದ ಕುಸಿತವನ್ನು ತಡೆದುಕೊಳ್ಳುತ್ತದೆ. ಏಳು ವರ್ಷ ಓಡಿದ್ದರಲ್ಲಿ ಕೆಪಾಸಿಟರ್ ಸವೆದಿರುತ್ತದೆ, ತಡೆಯುವುದಿಲ್ಲ. ಸಣ್ಣ ಕುಸಿತಕ್ಕೆ ಮೌಸ್ ನಿಲ್ಲುತ್ತದೆ, ದೊಡ್ಡದಕ್ಕೆ ಕಂಪ್ಯೂಟರೇ ಆರುತ್ತದೆ. ನನ್ನ ಅಂದಾಜು ಇದು.

ನಾಳೆ ಪ್ರಿಂಟರನ್ನು ಬೇರೆ ಕೋಣೆಯ ಸಾಕೆಟ್ಟಿಗೆ ಹಾಕಿ ನೋಡಿ. ಅದೊಂದನ್ನೇ ಬದಲಿಸಿ, ಬೇರೆ ಏನನ್ನೂ ಮುಟ್ಟಬೇಡಿ. ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

ರಾಜಾಜಿನಗರ_ರಿಪೇರಿ
ಬುಧವಾರ, ರಾತ್ರಿ 11:05

ಅರ್ತ್ ಇಲ್ಲ ಅಂದರೆ ಚಿಂತೆ ಬೇಡ, ಸಾಕೆಟ್ ಬಿಚ್ಚಿ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರ್ ಕೊಡಿ. ಜುಮ್ ಅನ್ನೋದು ನಿಂತುಹೋಗುತ್ತದೆ. ನಾನು ಎಷ್ಟೋ ಕಡೆ ಮಾಡಿದ್ದೇನೆ.

ವೈರ್‌ಮನ್_ವಿಜಯನಗರ
ಬುಧವಾರ, ರಾತ್ರಿ 11:08

ದಯವಿಟ್ಟು ಯಾರೂ ಹೀಗೆ ಮಾಡಬೇಡಿ!! ಎಲ್ಲೋ ಒಂದು ಕಡೆ ನ್ಯೂಟ್ರಲ್ ಕಟ್ ಆದರೆ ಕ್ಯಾಬಿನೆಟ್, ಪ್ರಿಂಟರ್ ಎಲ್ಲದರ ಬಾಡಿಗೂ ಪೂರ್ತಿ 230 ವೋಲ್ಟ್ ಬರುತ್ತದೆ. ಆಗ ಜುಮ್ ಅನ್ನಲ್ಲ, ಜೀವ ಹೋಗುತ್ತದೆ. ಫೇಸ್ ನ್ಯೂಟ್ರಲ್ ಅದಲು ಬದಲಾಗಿದ್ದರೂ ಅಷ್ಟೇ.

ರಾಜಾಜಿನಗರ_ರಿಪೇರಿ
ಬುಧವಾರ, ರಾತ್ರಿ 11:15

ಹದಿನೈದು ವರ್ಷದಿಂದ ಮಾಡುತ್ತಿದ್ದೇನೆ, ಯಾರಿಗೂ ಏನೂ ಆಗಿಲ್ಲ.

ಟೆಸ್ಟಿಂಗ್_ಬೆಂಚ್_60
ಬುಧವಾರ, ರಾತ್ರಿ 11:22

ನ್ಯೂಟ್ರಲ್ ಕಟ್ ಆಗದ ದಿನದವರೆಗೆ ಏನೂ ಆಗುವುದಿಲ್ಲ. ವೈರ್‌ಮನ್ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನೀವು ಮಾಡಿಕೊಟ್ಟ ಮನೆಗಳಿಗೆ ಹೋಗಿ ಆ ತುಂಡು ತೆಗೆಸಿ, ಇದು ನನ್ನ ಕೋರಿಕೆ. ಅಲ್ಲಿ ಮಕ್ಕಳಿರುತ್ತಾರೆ.

ಕೋಡರ್_ಕೋರಮಂಗಲ
ಗುರುವಾರ, ಬೆಳಿಗ್ಗೆ 9:10

ನಾನು ಬಾಡಿಗೆ ಮನೆಯಲ್ಲಿದ್ದೇನೆ. ಅರ್ತ್ ಇದೆಯೋ ಇಲ್ಲವೋ ಅಂತ ನೋಡೋದು ಹೇಗೆ? ಇಷ್ಟು ಓದಿದ ಮೇಲೆ ನನಗೂ ಭಯವಾಗುತ್ತಿದೆ.

ವೈರ್‌ಮನ್_ವಿಜಯನಗರ
ಗುರುವಾರ, ಬೆಳಿಗ್ಗೆ 9:25

ನೀವೇ ಮಾಡಬೇಡಿ ಸರ್, ಎಲೆಕ್ಟ್ರಿಷಿಯನ್ ಕರೆಸಿ. ನಾವು ಹೋಲ್ಡರಿಗೆ 100 ವ್ಯಾಟ್ ಬಲ್ಬ್ ಹಾಕಿ ಎರಡು ವೈರ್ ಎಳೆದುಕೊಂಡಿರುತ್ತೇವೆ. ಫೇಸಿಗೂ ನ್ಯೂಟ್ರಲ್ಲಿಗೂ ಹಿಡಿದಾಗ ಎಷ್ಟು ಬೆಳಗುತ್ತದೋ ಫೇಸಿಗೂ ಅರ್ತಿಗೂ ಹಿಡಿದಾಗ ಅಷ್ಟೇ ಬೆಳಗಬೇಕು. ಮಂಕಾದರೆ ಅರ್ತ್ ಗುಂಡಿ ಒಣಗಿದೆ. ಉರಿಯದಿದ್ದರೆ ವೈರೇ ಇಲ್ಲ.

ಟೆಸ್ಟಿಂಗ್_ಬೆಂಚ್_60
ಗುರುವಾರ, ಬೆಳಿಗ್ಗೆ 9:40

ಒಂದು ಸೇರಿಸುತ್ತೇನೆ. ಮನೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್, ಹಾಕಿದ್ದರೆ ಈ ಬಲ್ಬ್ ಉರಿಯುವ ಮೊದಲೇ ಅದು ಟ್ರಿಪ್ ಆಗುತ್ತದೆ. ಗಾಬರಿ ಬೇಡ, ಅರ್ತಿಗೆ ಕರೆಂಟ್ ಹರಿಯಿತು ಅನ್ನುವುದಕ್ಕೆ ಅದೇ ಗುರುತು.

ಹನುಮಂತನಗರ_ಹುಡುಗ
ಗುರುವಾರ, ಬೆಳಿಗ್ಗೆ 10:00

ಅಕ್ಕ, ನೀವು ಕನ್ನಡ ಟೈಪ್ ಮಾಡೋದು ನುಡಿ ಸಾಫ್ಟ್‌ವೇರಿನ ಫಾಂಟಿನಲ್ಲಾ, ಯೂನಿಕೋಡಾ? ನನ್ನ ತಂಗಿ ಡಿಟಿಪಿ ಕಲಿಯಬೇಕು ಅಂತಿದ್ದಾಳೆ.

ಡಿಟಿಪಿ_ಬಸವನಗುಡಿ
ಗುರುವಾರ, ಮಧ್ಯಾಹ್ನ 12:40

ಎರಡೂ ಬೇಕಾಗುತ್ತದೆ ಪುಟ್ಟ. ಹಳೇ ಪ್ರೆಸ್ಸಿನವರು ಈಗಲೂ ನುಡಿ ಫಾಂಟಿನ ಫೈಲೇ ಕೇಳುತ್ತಾರೆ, ಲೇಖಕರು ಫೋನಿನಲ್ಲಿ ಯೂನಿಕೋಡಿನಲ್ಲಿ ಬರೆದು ಕಳಿಸುತ್ತಾರೆ. ಕನ್ವರ್ಟ್ ಮಾಡಿದಾಗ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಬೇಕು. ತಂಗಿಗೆ ಕೆಜಿಪಿ ಅನ್ನುವ ಕನ್ನಡ ಕೀಬೋರ್ಡ್ ವಿನ್ಯಾಸ ಕಲಿಯಲು ಹೇಳು, ಎರಡಕ್ಕೂ ಅದೇ ನಡೆಯುತ್ತದೆ.

ಪ್ರಿಂಟರ್ ಹಜಾರಕ್ಕೆ ಹಾಕಿದ್ದೇನೆ. ಬೆಳಿಗ್ಗೆಯಿಂದ ನಲವತ್ತು ಪುಟ ತೆಗೆದೆ. ಮೌಸ್ ಒಂದು ಸಲ ಮಾತ್ರ ನಿಂತಿತು, ಅದು ಕೆಳಗಡೆ ಮೋಟರ್ ಹಾಕಿದಾಗ.

ಮಲ್ಲೇಶ್ವರ_18ನೇ_ಕ್ರಾಸ್
ಗುರುವಾರ, ಮಧ್ಯಾಹ್ನ 12:55

ಹಾಗಾದರೆ ಎಸ್‌ಎಂಪಿಎಸ್ ಸುಸ್ತಾಗಿರೋದು ಬಹುತೇಕ ಖಾತ್ರಿ. ಅಂಗಡಿಗೆ ಕ್ಯಾಬಿನೆಟ್ ತಗೊಂಡು ಹೋಗಿ, ಮೊದಲು ಮೀಟರ್ ಇಟ್ಟು ತೋರಿಸಿ ಅಂತ ಕೇಳಿ. ಕೆಂಪು ವೈರಿನಲ್ಲಿ 4.75ರಿಂದ 5.25 ವೋಲ್ಟ್ ಒಳಗಿರಬೇಕು, ಹಳದಿಯಲ್ಲಿ 11.4ರಿಂದ 12.6. ನೇರಳೆ ಬಣ್ಣದ ವೈರನ್ನು ಮರೆಯದೇ ನೋಡಿಸಿ. ಅದು ಸ್ಟ್ಯಾಂಡ್‌ಬೈ 5 ವೋಲ್ಟ್. ಶಟ್‌ಡೌನ್ ಆದ ಮೇಲೂ ಕೆಲವು ಕಂಪ್ಯೂಟರಿನಲ್ಲಿ ಮೌಸ್ ಲೈಟ್ ಉರಿಯುತ್ತದಲ್ಲ, ಅದಕ್ಕೆ ಕರೆಂಟ್ ಕೊಡೋದು ಇದೇ. ತುಂಬಾ ಬೋರ್ಡುಗಳಲ್ಲಿ ಯುಎಸ್‌ಬಿ ಪೋರ್ಟುಗಳು ನಿಂತಿರೋದೇ ಇದರ ಮೇಲೆ. ಅಳೆಯುವವರು ಕೆಂಪು ಹಳದಿ ನೋಡಿ ಸರಿ ಇದೆ ಅಂದುಬಿಡುತ್ತಾರೆ.

ಎಸ್‌ಎಂಪಿಎಸ್ ಡಬ್ಬ ಮಾತ್ರ ಬಿಚ್ಚಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್ ದಾಟಿದ ಚಾರ್ಜ್ ಉಳಿದಿರಬಹುದು.

ಲಿನಕ್ಸ್_ಲಗ್ಗೆರೆ
ಗುರುವಾರ, ಮಧ್ಯಾಹ್ನ 1:30

ಯುಪಿಎಸ್ ಹಾಕಿದರೆ ಇದ್ಯಾವುದೂ ಬೇಡ ಅಲ್ವಾ?

ಟೆಸ್ಟಿಂಗ್_ಬೆಂಚ್_60
ಗುರುವಾರ, ಮಧ್ಯಾಹ್ನ 1:50

ಯುಪಿಎಸ್ ಒಳ್ಳೆಯದೇ, ಆದರೆ ಅರ್ತ್ ಇಲ್ಲದ್ದನ್ನು ಅದು ಸರಿಮಾಡುವುದಿಲ್ಲ. ಲೇಸರ್ ಪ್ರಿಂಟರನ್ನಂತೂ ಅದಕ್ಕೆ ಸಿಕ್ಕಿಸಲೇಬಾರದು. ಮನೆಯ ಚಿಕ್ಕ ಯುಪಿಎಸ್ ಆ ರೋಲರಿನ ಎಳೆತಕ್ಕೆ ಓವರ್‌ಲೋಡ್ ಅಂತ ಕೂಗಿ ಕಂಪ್ಯೂಟರನ್ನೂ ಆರಿಸುತ್ತದೆ.

ಡಿಟಿಪಿ_ಬಸವನಗುಡಿ
ಸೋಮವಾರ, ರಾತ್ರಿ 8:20

ಶುಕ್ರವಾರ ಎಲೆಕ್ಟ್ರಿಷಿಯನ್ ಬಂದಿದ್ದರು. ಸಾಕೆಟ್ ಬಿಚ್ಚಿದರೆ ಅರ್ತ್ ವೈರ್ ಹಿಂದೆಯೇ ಇತ್ತು! ಹಿಂದೆ ಯಾವಾಗಲೋ ಬಣ್ಣ ಹೊಡೆಸಿದಾಗ ಯಾರೋ ಕಟ್ ಮಾಡಿ ಟೇಪ್ ಸುತ್ತಿ ಒಳಗೆ ತುರುಕಿದ್ದರು. ಸೇರಿಸಿ, ಬಲ್ಬ್ ಹಿಡಿದು ತೋರಿಸಿದರು. ಚೆನ್ನಾಗಿ ಬೆಳಗಿತು. ಪ್ರಿಂಟರಿಗೆ ಮೇನ್ಸಿನಿಂದ ಬೇರೆ ಲೈನ್ ಎಳೆದು 16 ಆಂಪಿಯರ್ ಸಾಕೆಟ್ ಹಾಕಿಕೊಟ್ಟರು. ಓನರ್ ಆಂಟಿಯೇ ಅರ್ಧ ಖರ್ಚು ಕೊಟ್ಟರು. ಈಗ ಬರಿಗಾಲಲ್ಲಿ ಮುಟ್ಟಿದರೂ ಜುಮ್ ಅನ್ನುವುದಿಲ್ಲ.

ಶನಿವಾರ ಆಟೋದಲ್ಲಿ ಕ್ಯಾಬಿನೆಟ್ ಇಟ್ಟುಕೊಂಡು ಎಸ್‌ಪಿ ರೋಡಿಗೆ ಹೋದೆ. ಅಂಗಡಿಯ ಹುಡುಗ ಮೀಟರ್ ಇಟ್ಟ. ಕೆಂಪು, ಹಳದಿ ಎರಡೂ ಸರಿ ಇತ್ತು. ನೇರಳೆ ನೋಡಪ್ಪ ಅಂದೆ. ನಾಲ್ಕು ಪೋರ್ಟಿಗೆ ಲೋಡ್ ಹಾಕಿದಾಗ 4.6ಕ್ಕೆ ಇಳಿಯಿತು. ಅವನು ತನ್ನ ಬೇರೆ ಎಸ್‌ಎಂಪಿಎಸ್ ಹಾಕಿ ತೋರಿಸಿದ, 5ರ ಹತ್ತಿರವೇ ನಿಂತಿತು. ಹೊಸದಕ್ಕೆ 2,700 ರೂಪಾಯಿ ಆಯಿತು. ಅದೇ ಮದರ್‌ಬೋರ್ಡ್, ಅದೇ ಹೊಸ ಮೌಸ್. ಎರಡು ದಿನದಿಂದ ಒಂದು ಸಲವೂ ನಿಂತಿಲ್ಲ. ಇವತ್ತು ಮೋಟರ್ ಓಡುತ್ತಿದ್ದಾಗಲೇ ಬೇಕಂತ ಅರವತ್ತು ಪುಟ ಪ್ರಿಂಟ್ ತೆಗೆದೆ.

ಕೋಡರ್_ಕೋರಮಂಗಲ
ಸೋಮವಾರ, ರಾತ್ರಿ 8:35

ತುಂಬಾ ಖುಷಿಯಾಯಿತು. ಆದರೂ ಕೇಳುತ್ತೇನೆ, ಕೊನೆಗೆ ಕಾರಣ ಅರ್ತಾ, ಎಸ್‌ಎಂಪಿಎಸ್ಸಾ?

ವೈರ್‌ಮನ್_ವಿಜಯನಗರ
ಸೋಮವಾರ, ರಾತ್ರಿ 8:40

ಅರ್ತೇ ಸರ್.

ಟೆಸ್ಟಿಂಗ್_ಬೆಂಚ್_60
ಸೋಮವಾರ, ರಾತ್ರಿ 8:58

ಮೌಸ್ ನಿಲ್ಲುವುದಕ್ಕೆ ನಾನು ಎಸ್‌ಎಂಪಿಎಸ್ ಅನ್ನುತ್ತೇನೆ, 4.6 ವೋಲ್ಟ್ ಕಣ್ಣೆದುರೇ ಇದೆ. ಆದರೆ ಎರಡರಲ್ಲಿ ಒಂದಕ್ಕೇ ದುಡ್ಡು ಇದ್ದಿದ್ದರೆ ಅರ್ತಿಗೇ ಹಾಕಿಸಿ ಅನ್ನುತ್ತಿದ್ದೆ. ಮೌಸ್ ನಿಂತರೆ ಕೆಲಸ ನಿಲ್ಲುತ್ತದೆ, ಅಷ್ಟೇ.

ಯಲಹಂಕ_ಟೀಚರ್
ಸೋಮವಾರ, ರಾತ್ರಿ 9:15

ನಮ್ಮ ಲ್ಯಾಬಿನದ್ದೂ ಸರಿಹೋಯಿತು! ಎಕ್ಸ್‌ಟೆನ್ಷನ್ ಕೇಬಲ್ಲಿನಿಂದ ಡಾಂಗಲ್ ಮೇಜಿನ ಮೇಲೆ ತಂದಿಟ್ಟೆ, ಹಾರ್ಡ್ ಡಿಸ್ಕ್ ತೆಗೆಯಲೇ ಇಲ್ಲ. ಇವತ್ತು ಆ ಸೀಟಿನಲ್ಲಿ ಒಬ್ಬಳು ಪೂರ್ತಿ ಪೀರಿಯಡ್ ಕೂತು ಚಿತ್ರ ಬಿಡಿಸಿದಳು. ನಾಳೆ ಲ್ಯಾಬಿನ ಸಾಕೆಟ್ಟುಗಳ ಅರ್ತ್ ನೋಡಿಸಲು ಹೆಡ್ ಮೇಡಂಗೆ ಬರೆದುಕೊಡುತ್ತಿದ್ದೇನೆ. ಡಿಟಿಪಿ ಮೇಡಂ, ನಿಮ್ಮ ಹಳೇ ಮೌಸ್ ಏನು ಮಾಡಿದಿರಿ? ಎಸೆಯಬೇಡಿ, ಅದು ಕೆಟ್ಟಿರಲಿಲ್ಲ ಅಲ್ವಾ.

ಡಿಟಿಪಿ_ಬಸವನಗುಡಿ
ಸೋಮವಾರ, ರಾತ್ರಿ 9:22

ಎಸೆದಿಲ್ಲ ಮೇಡಂ, ಈಗಷ್ಟೇ ಹಾಕಿ ನೋಡಿದೆ, ಚೆನ್ನಾಗಿ ಓಡುತ್ತಿದೆ. ನಿಮ್ಮ ಲ್ಯಾಬಿಗೆ ಬೇಕಾದರೆ ಹೇಳಿ. ಪುಸ್ತಕ ಪ್ರೆಸ್ಸಿಗೆ ಕೊಟ್ಟ ಮೇಲೆ ಯಲಹಂಕಕ್ಕೆ ಬಂದು ಕೊಡುತ್ತೇನೆ.